ಟೆರಿಫೈಯರ್ 2: ಭಯ ಎಲ್ಲಿ ಕೈಕೊಡುತ್ತದೆ?

ಓದುಗರ ಪತ್ರ: “‘ಟೆರಿಫೈಯರ್ 2’ ನೋಡಿದೆ. ಸ್ಲ್ಯಾಷರ್ ಚಿತ್ರಗಳ (ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗುವ ಭಯಾನಕ ಚಿತ್ರಗಳ) ಎರಡನೇ ಭಾಗಗಳಲ್ಲೇ ಇದು ಶ್ರೇಷ್ಠ ಎಂದು ಗೆಳೆಯರು ಹೇಳುತ್ತಾರೆ. ನನಗೆ ಕಂಡದ್ದು ಎರಡೂಕಾಲು ಗಂಟೆಯ ರಕ್ತ ಮಾತ್ರ. ಮಲಗುವ ಕೋಣೆಯ ಕೊಲೆಯಲ್ಲಂತೂ ಹೆದರಿಕೆ ಹೋಗಿ ಬೇಸರ ಬಂತು. ದೋಷ ನನ್ನದೋ, ಚಿತ್ರದ್ದೋ? ಮೊದಲ ಭಾಗ ನೋಡಿಲ್ಲ, ನೋಡಲೇಬೇಕಿತ್ತೇ?”

ಸಂಪಾದಕರ ಉತ್ತರ: ದೋಷ ನಿಮ್ಮದಲ್ಲ. ಹಾಗೆಂದು ನಿಮ್ಮ ಗೆಳೆಯರೂ ಸುಳ್ಳು ಹೇಳಿಲ್ಲ. (ಮುಂದೆ ಕಥೆಯ ಕೊನೆಯವರೆಗೂ ಮಾತಾಡಿದ್ದೇವೆ. ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.)

ನಿಮಗೆ ಬೇಸರ ತಂದ ಆ ಕೋಣೆಯಿಂದಲೇ ಶುರುಮಾಡೋಣ. ಆರ್ಟ್ ಎಂಬ ವಿದೂಷಕ ವೇಷದ ಕೊಲೆಗಾರ, ನಾಯಕಿ ಸಿಯೆನ್ನಾಳ ಗೆಳತಿ ಆ್ಯಲಿಯ ನೆತ್ತಿಯ ಚರ್ಮ ಸುಲಿಯುತ್ತಾನೆ, ತೋಳು ಮುರಿದು ಕೀಳುತ್ತಾನೆ. ಅಲ್ಲಿಯವರೆಗೆ ನಾವು ಉಸಿರು ಬಿಗಿಹಿಡಿದಿರುತ್ತೇವೆ, ಏಕೆಂದರೆ ಆಕೆ ತಪ್ಪಿಸಿಕೊಂಡಾಳು ಎಂಬ ಆಸೆ ಇನ್ನೂ ಇರುತ್ತದೆ. ಆಮೇಲೆ ಅವನು ಹೊರಗೆ ಹೋಗಿ ಬ್ಲೀಚ್ ಮತ್ತು ಉಪ್ಪು ಹಿಡಿದು ಮರಳಿ ಬರುತ್ತಾನೆ. ಗಾಯಕ್ಕೆ ಉಪ್ಪು ಸವರುವುದು ನಮ್ಮಲ್ಲಿ ನುಡಿಗಟ್ಟು, ಇಲ್ಲಿ ಅಕ್ಷರಶಃ ನಡೆಯುತ್ತದೆ. ಅಷ್ಟು ರಕ್ತ ಹರಿದ ದೇಹದಲ್ಲಿ ಜೀವ ಉಳಿಯದೆಂದು ನೋಡುವವರಿಗೆ ಗೊತ್ತು. ಆದರೂ ತಾಯಿ ಬಂದು ಬಾಗಿಲು ತೆರೆದಾಗ ಆಕೆ ಅಲುಗಾಡುತ್ತಿದ್ದಾಳೆ. ದೇಹದ ಮೇಲಿನ ನಂಬಿಕೆ ತಪ್ಪಿದ ಕ್ಷಣವೇ ಭಯವೂ ತಪ್ಪಿತು. ಅಲ್ಲಿಂದಾಚೆ ನಾವು ನೋಡುವುದು ಮೇಕಪ್ಪಿನ ಕೈಚಳಕ ಮಾತ್ರ.

ಆ ಕೈಚಳಕಕ್ಕೆ ಮಾತ್ರ ತಲೆಬಾಗಲೇಬೇಕು. ಡೇಮಿಯನ್ ಲಿಯೋನ್ ಕಥೆ, ನಿರ್ದೇಶನ, ಸಂಕಲನದ ಜತೆಗೆ ಮೇಕಪ್ ಪರಿಣಾಮಗಳನ್ನೂ ತಾವೇ ವಹಿಸಿಕೊಂಡವರು. ಬಜೆಟ್ ಸುಮಾರು 2.5 ಲಕ್ಷ ಡಾಲರ್, ಅದರಲ್ಲಿ ದೊಡ್ಡ ಪಾಲು ಅಭಿಮಾನಿಗಳ ದೇಣಿಗೆ. ಇಂಥ ದೃಶ್ಯದ ನಕಲಿ ಚರ್ಮಕ್ಕೆ ಸಿಲಿಕೋನ್ ಒಗ್ಗುತ್ತದೆ, ಏಕೆಂದರೆ ಚರ್ಮದ ಹಾಗೆ ಅದು ಬೆಳಕನ್ನು ಸ್ವಲ್ಪ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಫೋಮ್ ಲೇಟೆಕ್ಸ್ (ನೊರೆಯಂತೆ ಉಬ್ಬಿಸಿದ ರಬ್ಬರು) ಬೆಳಕನ್ನು ಬಿಡುವುದಿಲ್ಲ, ಬಣ್ಣದಲ್ಲೇ ಚರ್ಮದ ಭ್ರಮೆ ಹುಟ್ಟಿಸಬೇಕು. ಜೆಲಟಿನ್ ಅಗ್ಗ, ಆದರೆ ದೀಪಗಳ ಬಿಸಿಗೆ ಕರಗುತ್ತದೆ. ಕಾರ್ನ್ ಸಿರಪ್ಪಿಗೆ ಕೆಂಪು ಬಣ್ಣ ಬೆರೆಸಿ ಮಾಡಿದ ರಕ್ತ ಒಣಗುತ್ತಾ ಅಂಟಾಗುತ್ತದೆ. ಹಾಗಾಗಿ ಪ್ರತಿ ಶಾಟಿನ ನಡುವೆ ಕಲೆ ಎಲ್ಲಿತ್ತು, ಎಷ್ಟು ಹರಡಿತ್ತು ಎಂದು ಫೋಟೊ ನೋಡಿ ಹೊಂದಿಸಬೇಕು. ನಟಿಯಿಂದ ಬೊಂಬೆಗೆ ಜಿಗಿಯುವ ಕಟ್ ಯಾವುದಾದರೂ ಚಲನೆಯ ನಡುವೆ ಬೀಳಬೇಕು, ಇಲ್ಲದಿದ್ದರೆ ಕಣ್ಣು ಮೋಸವನ್ನು ಹಿಡಿದುಬಿಡುತ್ತದೆ. ಲಿಯೋನ್ ಇದರಲ್ಲಿ ಪಳಗಿದವರು. ತೊಂದರೆ ಇರುವುದು, ತಾನೇ ಮಾಡಿದ್ದನ್ನು ತಾನೇ ಕತ್ತರಿಸಬೇಕಾದ ಕಡೆ. 1981ರ ‘ಫ್ರೈಡೇ ದ 13ತ್’ ಎರಡನೇ ಭಾಗದಿಂದ ಯಾವ ವಯಸ್ಸಿನವರು ನೋಡಬಹುದೆಂದು ಗುರುತಿಸುವ ಅಮೆರಿಕದ ರೇಟಿಂಗ್ ಮಂಡಳಿ ಸುಮಾರು 48 ಸೆಕೆಂಡು ರಕ್ತ ಕತ್ತರಿಸಿತ್ತು. ‘ಟೆರಿಫೈಯರ್ 2’ 2022ರಲ್ಲಿ ರೇಟಿಂಗ್ ಇಲ್ಲದೆಯೇ ಚಿತ್ರಮಂದಿರಕ್ಕೆ ಬಂತು. ಮಂಡಳಿಯ ಕತ್ತರಿ ಇಲ್ಲದ್ದು ಒಳ್ಳೆಯದೇ. ಆದರೆ ಸಂಕಲನದ ಕತ್ತರಿಯೂ ಮೊಂಡಾಗಬಾರದಿತ್ತು.

ನಿಮ್ಮ ಗೆಳೆಯರು ಮೆಚ್ಚಿದ್ದು ಸಿಯೆನ್ನಾಳನ್ನು ಎಂದು ನಮ್ಮ ಊಹೆ. ಮೊದಲ ಭಾಗದಲ್ಲಿ ಬಲಿಯಾದವರು ಹೆಚ್ಚುಕಡಿಮೆ ಬರೀ ದೇಹಗಳು, ಆ ಟೀಕೆ ಸಾಕಷ್ಟು ಕೇಳಿಬಂದಿತ್ತು. ಇಲ್ಲಿ ಲಾರೆನ್ ಲವೇರಾ ನಟಿಸಿದ ಹುಡುಗಿಗೆ ತೀರಿಕೊಂಡ ಅಪ್ಪನಿದ್ದಾನೆ, ಸಿಡುಕುವ ಅಮ್ಮ, ಕೊಲೆಗಾರನ ಗೀಳು ಹಿಡಿದ ತಮ್ಮ ಇದ್ದಾರೆ. ತನ್ನ ಕೈಯಿಂದಲೇ ಹೊಲಿದ ರೆಕ್ಕೆಯ ವೇಷವಿದೆ. ಆರ್ಟ್ ಆಗಿ ಡೇವಿಡ್ ಹೋವರ್ಡ್ ಥಾರ್ನ್‌ಟನ್ ಒಂದು ಮಾತೂ ಆಡುವುದಿಲ್ಲ. ವೇಷಭೂಷಣದ ಅಂಗಡಿಯಲ್ಲಿ ಅವನು ಒಂದೊಂದೇ ತಮಾಷೆಯ ಕನ್ನಡಕ ಹಾಕಿಕೊಂಡು ಅವಳತ್ತ ನೋಡುತ್ತಾನಲ್ಲ, ಇಡೀ ಚಿತ್ರದಲ್ಲಿ ಅದಕ್ಕಿಂತ ಭಯಾನಕ ದೃಶ್ಯವಿಲ್ಲ. ಅವನು ಅವಳನ್ನು ಮುಟ್ಟುವುದೂ ಇಲ್ಲ! ಆರ್ಟ್‌ನ ಉಡುಪಿನ ಕಪ್ಪು–ಬಿಳುಪೂ ಜಾಣತನದ ಆಯ್ಕೆ: ಬಿಳಿಯ ಮೇಲೆ ಒಂದು ಹನಿ ಬಿದ್ದರೂ ಎದ್ದು ಕಾಣುತ್ತದೆ.

ಇನ್ನು ಉದ್ದದ ಮಾತು. ಮೊದಲನೆಯದು 85 ನಿಮಿಷ, ಇದು 138. ಕತ್ತರಿ ನಮ್ಮ ಕೈಲಿದ್ದರೆ ಪಾಳುಬಿದ್ದ ಮನರಂಜನಾ ಪಾರ್ಕಿನ ಕೊನೆಯ ಭಾಗದಿಂದ 15 ನಿಮಿಷ ತೆಗೆಯುತ್ತಿದ್ದೆವು. ಆರ್ಟ್ ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ; ಹೀಗಾದಾಗ ಹೊಡೆತಕ್ಕೆ ಬೆಲೆ ಉಳಿಯುವುದಿಲ್ಲ. ಅಪ್ಪ ಬಿಟ್ಟುಹೋದ ಕತ್ತಿ ಸತ್ತಂತಿದ್ದ ಸಿಯೆನ್ನಾಳನ್ನು ಎಬ್ಬಿಸುತ್ತದೆ. ಆ ಶಕ್ತಿಗೆ ಏನು ಮಿತಿ ಎಂದು ಮೊದಲೇ ತಿಳಿಸದ ಕಾರಣ ಅವಳ ಗೆಲುವು ಸಂಪಾದಿಸಿದ್ದೆಂದು ಅನಿಸುವುದಿಲ್ಲ, ಯಾರೋ ದಯಪಾಲಿಸಿದ್ದೆನಿಸುತ್ತದೆ. ಆರ್ಟ್ ಜತೆ ಕಾಣಿಸಿಕೊಳ್ಳುವ ಬಿಳಿಚಿದ ಪುಟ್ಟ ಹುಡುಗಿಯ ಗುಟ್ಟನ್ನು ಹಾಗೇ ಬಿಟ್ಟದ್ದು ನಮಗೆ ತೊಡಕೆನಿಸಲಿಲ್ಲ. ಅವಳು ಗೊತ್ತಾಗದಿದ್ದಷ್ಟೂ ಚೆನ್ನ.

ಮೊದಲ ಭಾಗ ನೋಡಲೇಬೇಕೆಂದಿಲ್ಲ. ಆರ್ಟ್ ತನಗೆ ತಾನೇ ಗುಂಡು ಹೊಡೆದುಕೊಂಡು, ಶವಾಗಾರದಲ್ಲಿ ಮತ್ತೆ ಎದ್ದ ಎಂಬುದು ತಿಳಿದಿದ್ದರೆ ಸಾಕು. ಆದರೆ ಕೊನೆಯ ಹೆಸರುಗಳ ನಡುವೆ ಬರುವ ಆಸ್ಪತ್ರೆಯ ದೃಶ್ಯದ ವಿಕ್ಟೋರಿಯಾ ಯಾರೆಂದು ನಿಮಗೆ ಅರ್ಥವಾಗದಿದ್ದರೆ, ಅದಕ್ಕೆ ಕಾರಣ ಇದೇ: ಅವಳು ಮೊದಲ ಭಾಗದಲ್ಲಿ ಮುಖ ಕಳೆದುಕೊಂಡು ಬದುಕುಳಿದವಳು.