ಫೋನ್ ಸೀದಾ ಸ್ಯಾಟಲೈಟ್ ಜೊತೆ ಮಾತಾಡುವುದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಟವರೇ ಇಲ್ಲದ ಕಾಡಿನಿಂದ ಮಾಮೂಲಿ ಮೊಬೈಲಿನಲ್ಲೇ ಮೆಸೇಜ್ ಕಳಿಸುತ್ತಾನೆ, ಸ್ಯಾಟಲೈಟ್ ಮೂಲಕವಂತೆ. ನಮಗೆ ನಾಲ್ಕು ಕಿ.ಮೀ. ದೂರದ ಟವರೇ ಸಿಗುವುದಿಲ್ಲ. ಅಷ್ಟು ಮೇಲಿರುವುದು ಸಿಗುತ್ತದೆ ಹೇಗೆ? ಸಿಗ್ನಲ್ ಹೋಗಿ ಬರುವಷ್ಟರಲ್ಲಿ ಲೈನ್ ಕಟ್ ಆಗಬೇಕಲ್ವಾ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ದೂರದ ವಿಷಯ ಮೊದಲು ಮುಗಿಸೋಣ. ನಿಮ್ಮ ಟವರಿಗೂ ಮನೆಗೂ ನಡುವೆ ಗುಡ್ಡ ಇದೆ, ಮರ ಇದೆ. ಸ್ಯಾಟಲೈಟಿಗೂ ಬಯಲಲ್ಲಿ ನಿಂತ ಫೋನಿಗೂ ನಡುವೆ ಏನೂ ಇಲ್ಲ. ಆದರೂ ಮೇಲೆ ತಲುಪುವ ಸಿಗ್ನಲ್ ತೀರಾ ಕ್ಷೀಣ. ಅದನ್ನು ಹಿಡಿಯಲು ದೊಡ್ಡ ಆಂಟೆನಾ ಬೇಕು. 2025ರ ಡಿಸೆಂಬರ್‌ನಲ್ಲಿ ನಮ್ಮ ಇಸ್ರೋದ ಎಲ್‌ವಿಎಂ3 ರಾಕೆಟ್ ಶ್ರೀಹರಿಕೋಟಾದಿಂದ ಹೊತ್ತೊಯ್ದ ಬ್ಲೂಬರ್ಡ್ ಉಪಗ್ರಹ ಇದೇ ಕೆಲಸಕ್ಕಾಗಿ ಇರುವುದು. ಅದರ ಆಂಟೆನಾ ಸುಮಾರು 223 ಚದರ ಮೀಟರ್, ಒಂದು ಸೈಟಿನಷ್ಟು ಅಗಲ!

ಇನ್ನು ತಡ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುತ್ತದೆ. ಫೋನಿಗೆ ನೇರ ಸಿಗ್ನಲ್ ಕೊಡುವ ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 360 ಕಿ.ಮೀ. ಎತ್ತರದಲ್ಲಿವೆ. ಅದು ನೆತ್ತಿಯ ಮೇಲಿದ್ದಾಗ ಅಲ್ಲಿಗೆ ಅಲೆ ತಲುಪಲು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಸಾಕು. ನಮಗೆ ಇದು ಏನೂ ಅಲ್ಲ. ಆದರೆ ಮೊಬೈಲ್ ನೆಟ್‌ವರ್ಕಿಗೆ ಇದೂ ದೊಡ್ಡದೇ. ಯಾಕೆಂದರೆ ಒಂದೇ ಟವರನ್ನು ನೂರಾರು ಫೋನುಗಳು ಹಂಚಿಕೊಳ್ಳುತ್ತವೆ, ಪ್ರತಿಯೊಂದಕ್ಕೂ ಇಂಥದ್ದೇ ಕ್ಷಣ ಅಂತ ಸರದಿ ಇರುತ್ತದೆ, ದೂರದ ಫೋನಿನ ಸಿಗ್ನಲ್ ಸ್ವಲ್ಪ ತಡವಾಗಿ ಬಂದರೂ ಪಕ್ಕದವರ ಸರದಿಯ ಮೇಲೆ ಬಿದ್ದು ಎರಡೂ ಕೆಡುತ್ತವೆ. ಅದಕ್ಕೇ ಟವರ್ ಪ್ರತಿ ಫೋನಿಗೂ ‘ನೀನು ಇಷ್ಟು ಮುಂಚೆ ಕಳಿಸು’ ಎಂದು ಹೇಳುತ್ತಲೇ ಇರುತ್ತದೆ. ಹಳೆಯ 2ಜಿಯಲ್ಲಿ ಹೀಗೆ ಹೇಳಲು ಇದ್ದದ್ದು 0ಯಿಂದ 63ರವರೆಗಿನ ಅಂಕಿ ಮಾತ್ರ, ಒಂದೊಂದು ಹೆಜ್ಜೆ ಸುಮಾರು 550 ಮೀಟರ್. ಅಂದರೆ 35 ಕಿ.ಮೀ. ದಾಟಿದರೆ, ಸಿಗ್ನಲ್ ಎಷ್ಟೇ ಚೆನ್ನಾಗಿರಲಿ, ಸಾಮಾನ್ಯ ಟವರಿನಲ್ಲಿ ಕಾಲ್ ಸಾಧ್ಯವೇ ಇರಲಿಲ್ಲ.

ಹಾಗಾಗಿ ತಡ ಇರುವುದೇ ತೊಂದರೆ ಅಂತಲ್ಲ. ಅದು ಎಷ್ಟೆಂದು ಗೊತ್ತಿಲ್ಲದೇ ಇರುವುದು ತೊಂದರೆ. ಗೊತ್ತಿದ್ದರೆ ಅಷ್ಟೇ ಮುಂಚೆ ಕಳಿಸಿದರಾಯಿತು. ಸ್ಯಾಟಲೈಟ್ ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ಓಡುತ್ತದೆ, ದೂರ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಆದರೆ ಅದರ ದಾರಿ ಮಾತ್ರ ಕರಾರುವಾಕ್ಕು. ಮೊಬೈಲ್ ನೆಟ್‌ವರ್ಕುಗಳಿಗೆ ಜಾಗತಿಕ ನಿಯಮ ರೂಪಿಸುವ 3ಜಿಪಿಪಿ ಸಂಸ್ಥೆ 2022ರಲ್ಲಿ ಅಂತಿಮಗೊಳಿಸಿದ 5ಜಿ ನಿಯಮಗಳು ಇದನ್ನೇ ಬಳಸಿಕೊಂಡಿವೆ. ತಾನು ಎಲ್ಲಿದ್ದೇನೆ, ಎತ್ತ ಹೋಗುತ್ತಿದ್ದೇನೆ ಎಂದು ಉಪಗ್ರಹ ಸಾರುತ್ತಾ ಇರುತ್ತದೆ. ಫೋನಿಗೆ ತನ್ನ ಜಾಗ ಜಿಪಿಎಸ್‌ನಿಂದ ಗೊತ್ತು. ಎರಡನ್ನೂ ಇಟ್ಟುಕೊಂಡು ಎಷ್ಟು ಮುಂಚೆ ಕಳಿಸಬೇಕು ಎಂದು ಫೋನೇ ಲೆಕ್ಕ ಹಾಕುತ್ತದೆ.

ಅದೇ ಲೆಕ್ಕ ಇನ್ನೊಂದಕ್ಕೂ ಬೇಕು. ರೈಲು ಹತ್ತಿರ ಬರುವಾಗ ಹಾರ್ನ್ ಕೀರಲಾಗಿ, ದಾಟಿದ ಮೇಲೆ ದಪ್ಪಗೆ ಕೇಳುತ್ತದಲ್ಲ, ರೇಡಿಯೋ ಅಲೆಗೂ ಹಾಗೇ ಆಗುತ್ತದೆ. 2 ಗಿಗಾಹರ್ಟ್ಸ್ ಸಿಗ್ನಲ್ 40 ಕಿಲೋಹರ್ಟ್ಸ್‌ಗೂ ಜಾಸ್ತಿ ಅತ್ತಿತ್ತ ಸರಿಯಬಹುದು. 4ಜಿಯಲ್ಲಿ ಮಾಹಿತಿ ಹೊತ್ತು ಅಕ್ಕಪಕ್ಕ ಸಾಗುವ ಪುಟ್ಟ ಅಲೆಗಳ ನಡುವಿನ ಅಂತರವೇ 15 ಕಿಲೋಹರ್ಟ್ಸ್, ಹಾಗಾಗಿ ಸರಿಪಡಿಸದಿದ್ದರೆ ಒಂದು ಅಕ್ಷರವೂ ದಾಟುವುದಿಲ್ಲ.

ನಿಮ್ಮ ಮಗನ ಫೋನಿನಲ್ಲಿ ಈ ಹೊಸ ನಿಯಮ ಇಲ್ಲದೆಯೂ ಇರಬಹುದು. ಸ್ಟಾರ್‌ಲಿಂಕ್ ಮಾಮೂಲಿ 4ಜಿ ಫೋನಿಗೇ ಸಿಗ್ನಲ್ ಕೊಡುತ್ತದೆ. ಅಮೆರಿಕದಲ್ಲಿ ಟಿ-ಮೊಬೈಲ್ 2025ರ ಜುಲೈನಲ್ಲಿ ಈ ಸೇವೆ ಶುರುಮಾಡಿತು. ಅಲ್ಲಿ ತಡ, ಅಲೆಯ ಜಾರುವಿಕೆ ಎಲ್ಲವನ್ನೂ ನೆಟ್‌ವರ್ಕಿನ ಕಡೆಯಿಂದಲೇ ಸರಿಮಾಡುತ್ತಾರೆ. ಫೋನಿಗೆ ಅದು ಸುಮ್ನೆ ಇನ್ನೊಂದು ಟವರ್. ಇಷ್ಟು ದೊಡ್ಡ ಸಂಗತಿಯನ್ನು ನಮ್ಮ ಜೇಬಿನ ಹಳೆಯ ಫೋನಿಗೆ ಗೊತ್ತೇ ಆಗದಂತೆ ಮಾಡಿರುವುದು ನನಗೆ ತುಂಬಾ ಇಷ್ಟವಾದ ಕೆಲಸ.

ಪ್ರಶ್ನೆ: ನಮ್ಮವರ ಬೋಟು ಕಡಲಿಗೆ ಹೋದರೆ ಬರುವುದು ಎಷ್ಟೋ ದಿನದ ಮೇಲೆ. ದುಬೈನಲ್ಲಿರುವ ಭಾವ ಥುರಾಯಾ ಸ್ಯಾಟಲೈಟ್ ಫೋನ್ ತಂದುಕೊಡುತ್ತೇನೆ ಅನ್ನುತ್ತಾರೆ. ತರಿಸಬಹುದೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ದಯವಿಟ್ಟು ಬೇಡ. ಅನುಮತಿ ಇಲ್ಲದೆ ಥುರಾಯಾ, ಇರಿಡಿಯಂ ಫೋನ್ ಭಾರತಕ್ಕೆ ತರುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಭಾವನವರು ಸಿಕ್ಕಿಬೀಳುತ್ತಾರೆ. 2008ರ ಮುಂಬೈ ದಾಳಿಕೋರರು ಇಂಥ ಫೋನ್ ಬಳಸಿದ್ದರು, ಆಮೇಲೆ ಬಿಗಿ ಇನ್ನೂ ಹೆಚ್ಚಾಯಿತು. ಸ್ಯಾಟಲೈಟ್ ಫೋನೇ ಬೇಕೆಂದರೆ ಅನುಮತಿ ಪಡೆದು ಬಿಎಸ್‌ಎನ್‌ಎಲ್ ಮೂಲಕ ತೆಗೆದುಕೊಳ್ಳುವ ದಾರಿ ಇದೆ.

ಬೋಟಿಗೆ ಅದಕ್ಕಿಂತ ಒಳ್ಳೆಯದು ಇಸ್ರೋ ತಯಾರಿಸಿದ ಟ್ರಾನ್ಸ್‌ಪಾಂಡರ್, ಅಂದರೆ ಇಸ್ರೋದ ಉಪಗ್ರಹದ ಮೂಲಕ ಸುದ್ದಿ ಕಳಿಸಿ ಪಡೆಯುವ ಪೆಟ್ಟಿಗೆ. ಮತ್ಸ್ಯಸಂಪದ ಯೋಜನೆಯಲ್ಲಿ ದೇಶದ 1 ಲಕ್ಷ ಬೋಟುಗಳಿಗೆ ಇದನ್ನು ಅಳವಡಿಸಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಬ್ಲೂಟೂತ್‌ನಿಂದ ಮೊಬೈಲಿಗೆ ಸೇರಿಸಿ ಚಿಕ್ಕ ಮೆಸೇಜ್ ಕಳಿಸಬಹುದು, ಹವಾಮಾನದ ಎಚ್ಚರಿಕೆ ಬರುತ್ತದೆ, ಅಪಾಯವಾದರೆ ಕರಾವಳಿಗೆ ಸುದ್ದಿ ಮುಟ್ಟುತ್ತದೆ. ಇಸ್ರೋದ ಸಂಪರ್ಕ ಉಪಗ್ರಹಗಳು ಇರುವುದು ಸುಮಾರು 36,000 ಕಿ.ಮೀ. ಮೇಲೆ. ಅವನ್ನು ನಿಯಂತ್ರಿಸುವ ಕೇಂದ್ರಗಳಲ್ಲೊಂದು ನಮ್ಮ ಹಾಸನದಲ್ಲೇ ಇದೆ. ಅಷ್ಟು ದೂರಕ್ಕೆ ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಬೇಕು. ಮಾತಾಡುವಾಗ ಇದು ಕಿರಿಕಿರಿ, ಇಬ್ಬರೂ ಒಟ್ಟಿಗೆ ಶುರುಮಾಡಿಬಿಡುತ್ತಾರೆ. ಬರೆದು ಕಳಿಸುವ ಮೆಸೇಜಿಗೆ ಅರ್ಧ ಸೆಕೆಂಡು ಲೆಕ್ಕಕ್ಕೇ ಇಲ್ಲ. ಪೆಟ್ಟಿಗೆಯ ಆಂಟೆನಾ ಬೋಟಿನ ಮೇಲ್ಗಡೆ, ಆಕಾಶ ಪೂರ್ತಿ ಕಾಣುವ ಕಡೆ ಇರಲಿ. ಎಲ್ಲಿ ಸಿಗುತ್ತದೆ, ಯಾರು ಹಾಕಿಕೊಡುತ್ತಾರೆ ಎಂದು ಮೀನುಗಾರಿಕೆ ಇಲಾಖೆಯ ಉಡುಪಿ ಕಚೇರಿಯಲ್ಲಿ ಕೇಳಿ, ಮುಂದಿನ ಸಲ ಬೋಟು ಹೊರಡುವ ಮೊದಲೇ ಕೇಳಿ.