ಮನೆ ಕಟ್ಟುವವರ ಪ್ರಶ್ನೆ: ಐದೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಬಹುದೇ?

ಪ್ರಶ್ನೆ: ಮಾನ್ಯರೇ, ನಾನು ಮತ್ತು ನನ್ನ ಪತಿ ಇಬ್ಬರೂ ಶಿಕ್ಷಕರು. ಮೂರು ವರ್ಷದ ಮಗಳಿದ್ದಾಳೆ. ಹಾಸನದ ಹೊರವಲಯದ 30×40 ಅಡಿ ನಿವೇಶನದಲ್ಲಿ ಎಂಟೂವರೆ ಚದರದ ಮನೆ ಕಟ್ಟಿಸುತ್ತಿದ್ದೇವೆ. ಇರುವ ಮನೆಯ ಬಾಡಿಗೆ ಮತ್ತು ಬ್ಯಾಂಕಿನಿಂದ ಈಗಾಗಲೇ ಬಿಡುಗಡೆಯಾದ ಸಾಲದ ಬಡ್ಡಿ, ಎರಡನ್ನೂ ಕಟ್ಟುತ್ತಿದ್ದೇವೆ. ಮಾಘಮಾಸದಲ್ಲಿ ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕುವುದಿದ್ದು, ಅದು ಗಟ್ಟಿಯಾಗುವವರೆಗೆ ಅಡಿಯಲ್ಲಿ ಹೊತ್ತಿರುವ ಸೆಂಟ್ರಿಂಗ್ ಶೀಟುಗಳು ಬೇರೆ ಕೆಲಸಕ್ಕೆ ಬೇಕಾಗಿರುವುದರಿಂದ ಐದೇ ದಿನಕ್ಕೆ ಬಿಚ್ಚುತ್ತೇನೆಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ನಮ್ಮ ಹಾಲ್ 16×18 ಅಡಿ ಇದೆ. ಪ್ಲಾಸ್ಟರಿಂಗ್‌ಗೆ ಮುಂಗಡ ಬೇಕೆಂಬುದು ಅವರ ಇನ್ನೊಂದು ಮಾತು. ಬ್ಯಾಂಕಿನವರು ಕೆಲಸ ಮುಗಿದ ಮೇಲಷ್ಟೇ ಆ ಹಂತದ ಹಣ ಕೊಡುತ್ತಾರೆ. ಆಷಾಢಕ್ಕೆ ಮುಂಚೆ ಗೃಹಪ್ರವೇಶ ಆಗಬೇಕು, ಜೊತೆಗೆ ಮೇಲೊಂದು ಕೋಣೆಯನ್ನೂ ಈಗಲೇ ಸೇರಿಸಬೇಕು ಎಂಬುದು ಮಾವನವರ ಅಪೇಕ್ಷೆ. ಇವುಗಳಲ್ಲಿ ಯಾವುದಕ್ಕೆ ಒಪ್ಪಬೇಕು, ಯಾವುದಕ್ಕೆ ಬೇಡವೆನ್ನಬೇಕು?
– ಓದುಗರು, ಹಾಸನ

ಉತ್ತರ: ನೀವು ಕೇಳಿರುವುದು ಹಲವು ಸಂಗತಿಗಳಾದರೂ ತೊಡಕು ಒಂದೇ: ಯಾರ ಅವಸರಕ್ಕೆ ಯಾರು ಕಾಯಬೇಕು ಎಂಬುದು. ಗುತ್ತಿಗೆದಾರರನ್ನೂ ಬ್ಯಾಂಕಿನವರನ್ನೂ ಮಾವನವರನ್ನೂ ಮಾತನಾಡಿ ಒಪ್ಪಿಸಬಹುದು, ಕಾಂಕ್ರೀಟನ್ನು ಒಪ್ಪಿಸಲಾಗದು. ಆದ್ದರಿಂದ ಅದರ ದಿನಗಳನ್ನು ಮೊದಲು ಗುರುತು ಹಾಕಿಕೊಂಡು ಉಳಿದವರ ದಿನಗಳನ್ನು ಅದರ ಹಿಂದೆ ಜೋಡಿಸಿಕೊಳ್ಳಿ.

ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದಲ್ಲಿ ಆಧಾರವಾಗಿರುವುದು ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್ 2000ರಲ್ಲಿ ಪರಿಷ್ಕರಿಸಿದ ಐಎಸ್ 456 ಎಂಬ ಸಂಹಿತೆ. ತಾರಸಿಯ ಹರವು (ಆಧಾರಗಳ ನಡುವಿನ ಅಂತರ) ನಾಲ್ಕೂವರೆ ಮೀಟರಿನೊಳಗೆ, ಅಂದರೆ ಸುಮಾರು ಹದಿನಾಲ್ಕು ಮುಕ್ಕಾಲು ಅಡಿಯೊಳಗೆ ಇದ್ದರೆ ಅದರಡಿಯ ಆಸರೆ ಕಂಬಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ ಕನಿಷ್ಠ 14 ದಿನ ಹಾಗೆಯೇ ಬಿಡಬೇಕು ಎನ್ನುತ್ತದೆ ಅದು. ತೊಲೆಗಳ ಕೆಳಗಿನ ಆಸರೆಗಳಿಗೆ ಆರು ಮೀಟರ್ ಹರವಿನವರೆಗೆ 14 ದಿನ, ಅದರಾಚೆಗೆ 21 ದಿನ. ನಾಲ್ಕೂ ಕಡೆ ಆಧಾರವಿರುವ ತಾರಸಿಗೆ ಚಿಕ್ಕ ಬದಿಯನ್ನೇ ಹರವೆಂದು ಲೆಕ್ಕ ಹಿಡಿದರೂ ನಿಮ್ಮ ಹಾಲಿನ ಚಿಕ್ಕ ಬದಿಯೇ 16 ಅಡಿ ಇರುವುದರಿಂದ ಅಲ್ಲಿಗೆ 14 ದಿನದ ನಿಯಮ ಅನ್ವಯಿಸುತ್ತದೆ. ಚಿಕ್ಕ ಕೋಣೆಗಳಿಗೆ 7 ದಿನದ್ದು. ಈ ಅವಧಿಗಳೂ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ವಾತಾವರಣದ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯದ ದಿನಗಳಿಗೆ ಹೇಳಿದವು. ನಿಮ್ಮ ಚೀಲದ ಮೇಲೆ ಪಿಪಿಸಿ ಎಂದಿದ್ದರೆ, ಹಾರುಬೂದಿ ಬೆರೆತ ಆ ಸಿಮೆಂಟ್ ಮೊದಲ ದಿನಗಳಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ಹಾಸನದಲ್ಲಿ ಮಾಘದ ಇರುಳುಗಳು ತಂಪಾಗಿಯೇ ಇರುವುದರಿಂದ ನಾನಾದರೆ ಈ ಲೆಕ್ಕಕ್ಕೆ ಇನ್ನೂ ಮೂರು ನಾಲ್ಕು ದಿನ ಸೇರಿಸಿಕೊಳ್ಳುತ್ತೇನೆ.

ಗುತ್ತಿಗೆದಾರರಿಗೆ ನಿಜಕ್ಕೂ ಬೇಕಾಗಿರುವುದು ಶೀಟುಗಳೇ ಹೊರತು ಆಸರೆಗಳಲ್ಲವಾದರೆ ಒಂದು ದಾರಿಯಿದೆ. ಆಸರೆಗಳನ್ನು ಕೂಡಲೇ ಮರಳಿ ನಿಲ್ಲಿಸುವುದಾದರೆ ಅಡಿಯ ಶೀಟುಗಳನ್ನು 3 ದಿನಕ್ಕೇ ತೆಗೆಯಲು ಅದೇ ಸಂಹಿತೆ ಅವಕಾಶ ಕೊಡುತ್ತದೆ. ಆದರೆ ‘ಕೂಡಲೇ’ ಎಂದರೆ ಒಂದು ಭಾಗದ ಶೀಟು ಬಿಚ್ಚಿ, ಆಸರೆ ನಿಲ್ಲಿಸಿ, ಆಮೇಲೆ ಮುಂದಿನ ಭಾಗಕ್ಕೆ ಹೋಗುವುದು; ಇಡೀ ಹಾಲನ್ನು ಬರಿದು ಮಾಡಿ ಸಂಜೆಗೆ ನಾಲ್ಕು ಗಳ ಕೊಡುವುದಲ್ಲ. ಆ ಕೆಲಸ ನಡೆಯುವಾಗ ಇಂಜಿನಿಯರ್ ಸ್ಥಳದಲ್ಲಿರಬೇಕು. ಅವರು ಬರಲಾಗದಿದ್ದರೆ ಬಿಚ್ಚುವ ಮಾತೇ ಬೇಡ. ಹೊರಚಾಚಿದ ಸಜ್ಜ ಅಥವಾ ಬಾಲ್ಕನಿ ಇದ್ದರೆ ಅದರ ಆಸರೆಗಳನ್ನು ಎಲ್ಲಕ್ಕಿಂತ ಕೊನೆಗೆ, ಹೊರಗಿನ ಅಂಚಿನಿಂದ ಗೋಡೆಯ ಕಡೆಗೆ ಬರುತ್ತಾ ತೆಗೆಯಲಿ.

ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ನೀರಿನಿಂದ ನೆನೆಸಿಡುವ ವಿಷಯವನ್ನು ನೀವು ಕೇಳಿಲ್ಲ. ಆದರೆ ಹಣ ಖರ್ಚಾಗದ ಕೆಲಸವೆಂಬ ಕಾರಣಕ್ಕೋ ಏನೋ, ಹೆಚ್ಚಿನ ಮನೆಗಳಲ್ಲಿ ಎಲ್ಲರೂ ಅಲಕ್ಷಿಸುವುದು ಇದನ್ನೇ. ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಪಿಪಿಸಿಯಾದರೆ 10 ದಿನ ತೇವ ಆರಬಾರದು; ಒಣ ಬಿಸಿಲಿದ್ದಾಗ ಈ ಅವಧಿಯನ್ನು 10 ಮತ್ತು 14 ದಿನಗಳಿಗೆ ಹೆಚ್ಚಿಸಬೇಕು. ತಾರಸಿಯ ಮೇಲೆ ಗಾರೆಯ ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸಿ, ಕಂಬಗಳಿಗೆ ಗೋಣಿತಾಟು ಸುತ್ತಿ ನೆನೆಸಿ. ಶಾಲೆಗೆ ಹೋಗುವ ಮುನ್ನ ಒಮ್ಮೆ ಪೈಪು ಹಿಡಿದು ಬಂದರೆ ಸಾಲದು, ಮಧ್ಯಾಹ್ನ ಅಲ್ಲಿರುವವರು ಯಾರು ಎಂಬುದನ್ನೂ ಗೊತ್ತುಮಾಡಿ. ಕಾಂಕ್ರೀಟ್ ಕಲೆಸುವಾಗ ಮಾತ್ರ ಕೈಬಿಗಿ ಇರಲಿ. 50 ಕಿಲೋದ ಒಂದು ಚೀಲ ಸಿಮೆಂಟಿಗೆ ಸುಮಾರು 27 ಲೀಟರಿಗಿಂತ ಹೆಚ್ಚು ನೀರು ಬೇಡ, ಮರಳಿನಲ್ಲಿರುವ ತೇವವೂ ಆ ಲೆಕ್ಕದಲ್ಲೇ ಬರುತ್ತದೆ. ಸುರಿಯಲು ಸಲೀಸಾಗಲೆಂದು ಕೆಲಸದವರು ಮತ್ತೊಂದು ಬಕೆಟ್ ಸೇರಿಸುವುದನ್ನು ತಡೆಯಲು ಆ ದಿನ ನಿಮ್ಮಲ್ಲೊಬ್ಬರು ರಜೆ ಹಾಕುವುದು ಒಳ್ಳೆಯದು.

ಇನ್ನು ಮುಂಗಡ. ಗುತ್ತಿಗೆದಾರರು ಕೇಳುವುದರಲ್ಲಿ ದುರುದ್ದೇಶವೇ ಇರಬೇಕೆಂದಿಲ್ಲ. ಸಣ್ಣ ಗುತ್ತಿಗೆದಾರರಿಗೆ ವಾರದ ಬಟವಾಡೆ ಶನಿವಾರ ಬಂದೇ ಬರುತ್ತದೆ, ನಿಮ್ಮ ಬ್ಯಾಂಕಿನ ಪರಿಶೀಲನೆ ಯಾವಾಗ ಬರುವುದೋ ಹೇಳಲಾಗದು. ಹಾಗೆಂದು ಆಗದ ಕೆಲಸಕ್ಕೆ ಹಣ ಕೊಟ್ಟರೆ ಒತ್ತಾಯಿಸುವ ಶಕ್ತಿ ನಿಮ್ಮ ಕೈತಪ್ಪುತ್ತದೆ. ಪ್ಲಾಸ್ಟರಿಂಗ್ ಎಂಬ ದೊಡ್ಡ ಹಂತವನ್ನು ಒಳಗಿನ ಛಾವಣಿ, ಒಳಗೋಡೆ, ಹೊರಗೋಡೆ ಎಂದು ಒಡೆದು ಒಂದೊಂದು ಮುಗಿದಂತೆ ಕೊಡುವುದಾಗಿ ಹೇಳಿ. ಸಿಮೆಂಟು ಮತ್ತು ಪಿ-ಸ್ಯಾಂಡಿನ (ಪ್ಲಾಸ್ಟರಿಂಗ್‌ಗೆ ಬಳಸುವ ನುಣುಪು ಮರಳು) ಹಣವನ್ನು ನೀವೇ ಅಂಗಡಿಗೆ ನೇರವಾಗಿ ಕಟ್ಟಿ ಬಿಲ್ ಪಡೆದು, ಬಾಕಿಯಿಂದ ಕಳೆದುಕೊಳ್ಳಿ. ಇದಕ್ಕಾಗಿ ಬ್ಯಾಂಕಿನ ಹಣ ಬರುವ ಮುನ್ನ ಒಂದು ಸಣ್ಣ ಹಂತದಷ್ಟಾದರೂ ಸ್ವಂತ ಹಣ ಕೈಯಲ್ಲಿರಬೇಕಾಗುತ್ತದೆ. ಆ ಮೊತ್ತವನ್ನು ಈಗಲೇ ಎತ್ತಿಡಿ, ಇಂಟೀರಿಯರ್ ಕೆಲಸಕ್ಕೆಂದು ಮುಟ್ಟಬೇಡಿ. ಒಪ್ಪಂದದ ಒಟ್ಟು ಮೊತ್ತದಲ್ಲಿ ಶೇಕಡಾ 5ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವ ಮಾತು ಬರಹದಲ್ಲಿ ಇಲ್ಲದಿದ್ದರೆ ಮೋಲ್ಡಿಗೆ ಮುನ್ನವೇ ಬರೆಸಿಕೊಳ್ಳಿ. ಹೆಚ್ಚುವರಿ ಕೆಲಸವೇನಿದ್ದರೂ ದರ ಸಹಿತ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ ಮೇಲೆ ಆರಂಭವಾಗಲಿ.

ಮಾವನವರ ಮಾತಿನಲ್ಲಿ ಅರ್ಥವಿದೆ: ಮುಂದೆ ಕಟ್ಟುವುದಕ್ಕಿಂತ ಈಗಲೇ ಕಟ್ಟಿದರೆ ಧೂಳು, ಗಲಾಟೆ ಒಂದೇ ಸಲಕ್ಕೆ ಮುಗಿಯುತ್ತದೆ. ಆದರೆ ಆಷಾಢಕ್ಕೆ ಮುಂಚಿನ ಗೃಹಪ್ರವೇಶ ಮತ್ತು ಮೇಲಿನ ಕೋಣೆ, ಎರಡೂ ಒಟ್ಟಿಗೆ ಆಗುವುದು ಕಷ್ಟ. ಮಾಘದಲ್ಲಿ ಮೋಲ್ಡ್ ಬಿದ್ದರೆ ಎಂಟೂವರೆ ಚದರದ ನೆಲಮಹಡಿಯನ್ನು ಜ್ಯೇಷ್ಠದೊಳಗೆ ವಾಸಕ್ಕೆ ಅಣಿಗೊಳಿಸಬಹುದು; ಇನ್ನೊಂದು ತಾರಸಿ ಸೇರಿದರೆ ಮತ್ತೊಮ್ಮೆ ಸೆಂಟ್ರಿಂಗ್, ಮತ್ತೊಮ್ಮೆ ಅಷ್ಟೇ ದಿನಗಳ ಕ್ಯೂರಿಂಗ್ ಎಂದು ಶ್ರಾವಣದ ಕಡೆ ನೋಡಬೇಕಾಗುತ್ತದೆ. ಮಂಜೂರಾದ ನಕ್ಷೆಯಲ್ಲಿ ಮೇಲಿನ ಕೋಣೆ ಇಲ್ಲದಿದ್ದರೆ ಪರಿಷ್ಕೃತ ನಕ್ಷೆಗೂ ಅನುಮತಿ ಪಡೆಯಬೇಕು, ಬ್ಯಾಂಕಿನ ಅಂದಾಜುಪಟ್ಟಿಯೂ ಬದಲಾಗುತ್ತದೆ. ನನ್ನ ಸಲಹೆಯೆಂದರೆ, ಪಾಯ ಮತ್ತು ಕಂಬಗಳು ಮೇಲಿನ ಭಾರಕ್ಕೆ ಲೆಕ್ಕ ಹಾಕಿದವೇ ಎಂದು ಇಂಜಿನಿಯರರಿಂದ ಬರಹದಲ್ಲಿ ಪಡೆಯಿರಿ. ಹೌದಾದರೆ ಕಂಬದ ಕಂಬಿಗಳನ್ನು ತಾರಸಿಯ ಮೇಲೆ ಬಿಟ್ಟು, ತುಕ್ಕು ಹಿಡಿಯದಂತೆ ತೆಳು ಕಾಂಕ್ರೀಟಿನಲ್ಲಿ ಮುಚ್ಚಿಸಿ. ಮೇಲಕ್ಕೆ ಹೋಗಬೇಕಾದ ನೀರಿನ ಮತ್ತು ವಿದ್ಯುತ್ ಪೈಪುಗಳನ್ನೂ ಈಗಲೇ ಹಾಕಿಸಿಡಿ. ಇದನ್ನು ಸೊಸೆಯೇ ಹೇಳುವುದಕ್ಕಿಂತ ಇಂಜಿನಿಯರರನ್ನು ಒಂದು ಭಾನುವಾರ ಮನೆಗೆ ಕರೆದು ಕಾಫಿ ಕೊಟ್ಟು, ಮಾವನವರೇ ಕೇಳಿ ತಿಳಿಯುವಂತೆ ಮಾಡಿದರೆ ಮನೆಯ ನೆಮ್ಮದಿಗೂ ಒಳ್ಳೆಯದು.

ಪ್ರಶ್ನೆ: ಗದಗದ ಸಮೀಪ ನಮ್ಮದು ಎರೆ ನೆಲ. ಅಕ್ಕಪಕ್ಕದ ಮನೆಗಳ ಗೋಡೆಗಳಲ್ಲಿ ಓರೆ ಬಿರುಕುಗಳು ಕಾಣುತ್ತವೆ. ಮದುವೆಯಾಗಿ ಎರಡು ವರ್ಷವಾದ ನಾವು ಉಳಿತಾಯವನ್ನೆಲ್ಲ ಇದಕ್ಕೇ ಹಾಕುತ್ತಿರುವುದರಿಂದ ಭಯವಾಗಿದೆ. ಪಾಯವನ್ನು ಇನ್ನೂ ಅಗಲ ಮಾಡಿದರೆ ಸಾಕೇ?
– ಓದುಗರು, ಗದಗ ಜಿಲ್ಲೆ

ಉತ್ತರ: ಸಾಲದು. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಮನೆಯ ನಡುವಿನ ನೆಲ ಮುಚ್ಚಿರುವುದರಿಂದ ಅಲ್ಲಿನ ತೇವ ಹೆಚ್ಚು ಬದಲಾಗದೆ, ಅಂಚುಗಳಲ್ಲಿ ಮಾತ್ರ ಏರಿಳಿಯುವುದರಿಂದ ಗೋಡೆ ಮೂಲೆಗಳಲ್ಲಿ, ಕಿಟಕಿಗಳ ಬದಿಯಲ್ಲಿ ಓರೆಯಾಗಿ ಸೀಳುತ್ತದೆ. ಪಾಯ ಅಗಲವಾದಷ್ಟೂ ಉಬ್ಬುವ ಮಣ್ಣಿಗೆ ಒತ್ತಲು ಹೆಚ್ಚು ಜಾಗ ಸಿಕ್ಕಂತಾಗುತ್ತದೆಯೇ ಹೊರತು ಉಬ್ಬುವುದು ನಿಲ್ಲುವುದಿಲ್ಲ. ಎರೆಯ ಪದರ ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು ಕೆಳಗಿನ ಗಟ್ಟಿ ಗರಸಿನ ಮೇಲೆ ಪಾಯ ಹಾಕುವುದೇ ಉತ್ತಮ. ಆಳವಾಗಿದ್ದರೆ ತಳದಲ್ಲಿ ಬಲ್ಬಿನಂತೆ ಉಬ್ಬಿಸಿದ ಅಂಡರ್‌ರೀಮ್ಡ್ ಪೈಲ್‌ಗಳನ್ನು ತೇವ ಬದಲಾಗದ ಆಳಕ್ಕೆ, ಸಾಮಾನ್ಯವಾಗಿ ಮೂರೂವರೆ ಮೀಟರಿನಷ್ಟು, ಇಳಿಸಿ ಅವುಗಳ ತಲೆಯನ್ನು ತೊಲೆಗಳಿಂದ ಜೋಡಿಸುತ್ತಾರೆ. ಆ ತೊಲೆಗಳ ಕೆಳಗೆ ಮಣ್ಣು ಉಬ್ಬಲು ಸ್ವಲ್ಪ ಖಾಲಿ ಬಿಡುವುದನ್ನು ಮರೆಯುವಂತಿಲ್ಲ. ಪದರ ಎಷ್ಟು ಆಳವೆಂಬುದನ್ನು ನಿವೇಶನದ ಎರಡು ಮೂಲೆಗಳಲ್ಲಿ ಗುಂಡಿ ತೋಡಿಸಿ, ಮಣ್ಣಿನ ಪರೀಕ್ಷೆ ಮಾಡಿಸಿ ತಿಳಿಯಿರಿ. ಆ ಖರ್ಚನ್ನು ಉಳಿಸಿದವರ ಗೋಡೆಗಳನ್ನೇ ನೀವು ಈಗ ನೋಡುತ್ತಿರುವುದು ಎಂದು ನನ್ನ ಊಹೆ. ಮನೆಯ ಸುತ್ತ ಮೂರು ನಾಲ್ಕು ಅಡಿ ಅಗಲದ ಇಳಿಜಾರು ಕಲ್ಲುಹಾಸು ಇರಲಿ, ಗೋಡೆಗೆ ತಾಗಿ ಬಾಳೆ, ನುಗ್ಗೆ ನೆಡಬೇಡಿ, ಬಚ್ಚಲ ನೀರು ಪಾಯದ ಬದಿಯಲ್ಲಿ ಇಂಗದಿರಲಿ.

ಪ್ರಶ್ನೆ: ನಮ್ಮ ಮನೆ ಮಾರ್ಚ್ ಕೊನೆಗೆ ಮುಗಿಯಬಹುದು, ಇಲ್ಲವೇ ಏಪ್ರಿಲ್‌ಗೆ ಹೋಗಬಹುದು. ಸಾಲದ ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿಗೆ ಇದರಿಂದ ವ್ಯತ್ಯಾಸವಾಗುವುದೇ?
– ಓದುಗರು, ಮೈಸೂರು

ಉತ್ತರ: ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಸ್ವಂತ ವಾಸದ ಮನೆಯ ಬಡ್ಡಿಗೆ ಕಡಿತವೇ ಇಲ್ಲ, ಆದ್ದರಿಂದ ಆತುರವೂ ಬೇಡ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ ಗರಿಷ್ಠ 2 ಲಕ್ಷ ರೂಪಾಯಿವರೆಗೆ ಕಡಿತವಿದ್ದು, ಅದು ಮನೆ ಪೂರ್ಣಗೊಂಡ ಹಣಕಾಸು ವರ್ಷದಿಂದ ಆರಂಭವಾಗುತ್ತದೆ. ಹಿಂದಿನ ವರ್ಷಗಳಲ್ಲಿ ಕಟ್ಟಿದ ಬಡ್ಡಿಯನ್ನು ಐದು ಸಮಭಾಗ ಮಾಡಿ ಅದೇ ಮಿತಿಯೊಳಗೆ ಸೇರಿಸಿಕೊಳ್ಳಬಹುದು. ಮಾರ್ಚ್ 31ರೊಳಗೆ ಪೂರ್ಣಗೊಂಡರೆ ಒಂದು ವರ್ಷ ಮುಂಚೆ ಕಡಿತ ಆರಂಭವಾಗುವುದು ನಿಜ. ಆದರೆ ಅದಕ್ಕಾಗಿ ಹಸಿ ಪ್ಲಾಸ್ಟರಿನ ಮೇಲೆ ಪುಟ್ಟಿ ಬಳಿಸಿದರೆ ಉಳಿದ ತೆರಿಗೆ ಮುಂದಿನ ವರ್ಷ ಪೇಂಟರಿಗೆ ಹೋಗುತ್ತದೆ. ಗಮನಿಸಬೇಕಾದ ದೊಡ್ಡ ಗಡುವು ಬೇರೆಯಿದೆ: ಸಾಲ ಪಡೆದ ಹಣಕಾಸು ವರ್ಷ ಮುಗಿದ ಮೇಲೆ 5 ವರ್ಷದೊಳಗೆ ಮನೆ ಮುಗಿಯದಿದ್ದರೆ ಈ ಮಿತಿ 30,000 ರೂಪಾಯಿಗೆ ಇಳಿಯುತ್ತದೆ.

ಪ್ರಶ್ನೆ: ಸಾವಿರ ಚದರಡಿಯ ತಾರಸಿಯಿಂದ ಮಳೆನೀರು ಎಷ್ಟು ಸಿಗುತ್ತದೆ? ಸಂಪು ಕಟ್ಟುವ ಮುನ್ನ ತಿಳಿಯಬೇಕಿದೆ.
– ಓದುಗರು, ತುಮಕೂರು

ಉತ್ತರ: ಅಷ್ಟು ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 93 ಲೀಟರ್ ನೀರು. 20 ಮಿಲಿಮೀಟರಿನ ಒಂದು ಮಳೆಗೆ 1,850 ಲೀಟರಿನಷ್ಟಾಗುತ್ತದೆ. ಮೊದಲ ಹರಿವಿನ ಕೊಳೆನೀರನ್ನು ಹೊರಬಿಟ್ಟು, ಚೆಲ್ಲಿ ಹೋದುದನ್ನೂ ಕಳೆದರೆ 1,500 ಲೀಟರ್ ಸಂಪಿಗೆ ಬಂದೀತು. ಕುಟುಂಬಕ್ಕೆ ಸಂಪು 6,000 ಲೀಟರಿನದ್ದಾದರೆ ಸಾಕು, ಉಕ್ಕಿದ ನೀರು ಇಂಗುಗುಂಡಿಗೆ ಹೋಗಲಿ. ಸಂಪಿಗಿಂತ ಮೊದಲು ನಿರ್ಧಾರವಾಗಬೇಕಾದುದು ತಾರಸಿಯ ಇಳಿಜಾರು. ನೂರು ಅಡಿಗೆ ಒಂದು ಅಡಿಯ ಲೆಕ್ಕದಲ್ಲಿ ಎಲ್ಲ ನೀರೂ ಸಂಪಿನ ಕಡೆಯ ಮೂಲೆಗೆ ಇಳಿಯುವಂತೆ ಗಾರೆ ಹಾಕಲು ಮೇಸ್ತ್ರಿಯವರಿಗೆ ಮೊದಲೇ ಹೇಳಿ. ಸಂಪು ಮುಂದೆ, ಪೈಪು ಹಿಂದೆ ಎಂದಾದರೆ ಹೊರಗೋಡೆಯುದ್ದಕ್ಕೂ ಪೈಪು ಎಳೆಯಬೇಕಾಗುತ್ತದೆ.