ಬೇಕಂತಲೇ ಸೋಲುವ ಭಾಮೈದ

ಪೆಟ್ಟು ತಿಂದು ಕೂತವರನ್ನು ಆಟಕ್ಕೆ ಹಚ್ಚುವ ನನಗೆ ಮಳೆಗಾಲ ಹಿಡಿಯಿತೆಂದರೆ ಇಂಥದ್ದೊಂದು ಫೋನು ಬಂದೇ ಬರುತ್ತದೆ. ಕೊಳೆರೋಗದ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದವನು ಜಾರಿ ಬಿದ್ದ, ಬೆನ್ನುಹುರಿಗೆ ಪೆಟ್ಟು, ಸೊಂಟದ ಕೆಳಗೆ ಸ್ವಾಧೀನವಿಲ್ಲ. ತೀರ್ಥಹಳ್ಳಿ ಕಡೆಯ, ಅಡಿಕೆ ಕೊನೆ ಕೊಯ್ಯುವ ಈ ಕೊನೆಗಾರನದೂ ಅದೇ ಕಥೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಬಿದ್ದು ಹತ್ತು ತಿಂಗಳು. ಮಾತಿಲ್ಲ, ಊಟ ಅರ್ಧಕ್ಕೇ.

ಮೊದಲ ಭೇಟಿಯಲ್ಲಿ ನಾನೂ ಎಡವಿದೆ. 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ದೀಪಾ ಮಲಿಕ್ ಕೂತಲ್ಲಿಂದಲೇ ಗುಂಡೆಸೆದು ಬೆಳ್ಳಿ ಗೆದ್ದ ವಿಡಿಯೊ ತೋರಿಸಿದೆ. ಮೊಬೈಲು ವಾಪಸ್ ಕೊಟ್ಟು, "ಇದನ್ನ ಊರವ್ರೆಲ್ಲ ಕಳ್ಸಿದಾರೆ ಮೇಡಂ" ಎಂದ.

ಮೂರನೇ ಸಲ, ಹೊತ್ತು ಹೇಗೆ ಹೋಗುತ್ತೆ ಅಂತ ಸುಮ್ಮನೆ ಕೇಳಿದೆ. ಕೇರಂ ಅಂದ.

"ಗೆಲ್ತೀರಾ?"

"ದಿನಾ ಗೆಲ್ತೀನಿ. ಭಾಮೈದ ಬೇಕಂತ್ಲೇ ಸೋಲ್ತಾನೆ. ರೆಡ್ಡು ಪಾಕೆಟ್ ಬಾಯಲ್ಲೇ ಕೂತಿರುತ್ತೆ, ಹೊಡಿಯಲ್ಲ. ನನ್ ಕಥೆ ಮುಗೀತು ಅಂತ ಗೊತ್ತಾಗಿದ್ದು ಅವತ್ತು."

ಹೇಳುತ್ತಾ ಅಂಗೈಯ ದಡ್ಡನ್ನು ಉಜ್ಜಿಕೊಳ್ಳುತ್ತಿದ್ದ. ಹತ್ತು ತಿಂಗಳಲ್ಲಿ ಅದೂ ಮೆತ್ತಗಾಗಿತ್ತು.

ನಾನು ಹೇಳಿದ್ದು ಗುಂಡು ಎಸೆತ. ಗೂಟಕ್ಕೆ ಬಿಗಿದ ಒಂದೇ ಕುರ್ಚಿ, ಇಬ್ಬರೂ ಅದರಲ್ಲೇ ಕೂತು ಎಸೆಯಬೇಕು, ಭಾಮೈದನ ಸೊಂಟ, ಕಾಲುಗಳನ್ನೂ ಕುರ್ಚಿಗೆ ಕಟ್ಟಬೇಕು. ಆಗ ಪಂದ್ಯ ಸರಿಸಮ. ಶುರುವಿಗೆ ಮುಂಚೆ ಬೆನ್ನುಮೂಳೆ ಕೂಡಿದೆಯೆಂದು ವೈದ್ಯರು ಒಪ್ಪಬೇಕು. ಮೆತ್ತೆ ಬೇಕೇ ಬೇಕು, ಆಗಾಗ ಕೈಯೂರಿ ಕುಂಡೆ ಎತ್ತಬೇಕು, ರಾತ್ರಿ ಹೆಂಡತಿ ಚರ್ಮ ನೋಡಬೇಕು. ಅರಿವಿಲ್ಲದ ಜಾಗದಲ್ಲಿ ಹುಣ್ಣಾದರೆ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ.

"ಮನೆ ನಡೆಯೋದೇ ಕಷ್ಟ, ಮೊದಲು ಒಂದು ಅಂಗಡಿ ಹಾಕಿಸೋದು ಬಿಟ್ಟು ಆಟವೇ?" ಎಂದವರಿದ್ದಾರೆ. ಮಂಚದಿಂದ ಗಾಲಿಕುರ್ಚಿಗೆ ತಾನೇ ಜರುಗಲಾಗದವನು ಅಂಗಡಿಯಲ್ಲಿ ಎಷ್ಟು ಹೊತ್ತು ಕೂತಾನು? ಮೊದಲು ಆ ಬಲ ಬರಬೇಕು, ಅದಕ್ಕೇ ಆಟ. 1948ರ ಜುಲೈ 29ರಂದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ 16 ಮಂದಿ ಗಾಯಾಳು ಯೋಧರ ಕೈಗೆ ಬಿಲ್ಲು ಕೊಟ್ಟು ಪಂದ್ಯ ಆಡಿಸಿದ. ಅವನಿಗೆ ಅದು ಚಿಕಿತ್ಸೆಯೇ ಆಗಿತ್ತು. ಪದಕದ ಮಾತೆಲ್ಲ ಆಮೇಲಿನದು. ನಾವು ಮಾತ್ರ ಪದಕದಿಂದಲೇ ಶುರು ಮಾಡುತ್ತೇವೆ.

ಎರಡು ತಿಂಗಳ ಮೇಲೆ ಹೆಂಡತಿಯ ಫೋನು, ದೂರು ಹೇಳಲು. ಭಾಮೈದನ ಗುಂಡು ಒಂದು ಗೇಣು ಮುಂದೆ ಬಿದ್ದಿದೆ. ಕುರ್ಚಿ ಅಲ್ಲಾಡಿದ್ದರಿಂದ ಆ ಎಸೆತ ಲೆಕ್ಕಕ್ಕಿಲ್ಲವೆಂದು ಗಂಡನ ವಾದ. ಹಿಂದಿನಿಂದ ಇಬ್ಬರ ಜಗಳವೂ ಕೇಳುತ್ತಿತ್ತು. "ಅಳತೆ ಹಗ್ಗ ತಗೊಂಡ್ ಬಾರೇ" ಎಂದು ಅವಳನ್ನು ಕೂಗಿದ, ಫೋನು ಕಟ್ಟಾಯಿತು.